ಕುಟುಂಬ ವಾಸಕ್ಕೆ ನಗರಗಳ ಹೋಲಿಕೆ: ಕರ್ನಾಟಕದ ನಗರಗಳಲ್ಲಿ ಜೀವನವೆಚ್ಚ ಮತ್ತು ಜೀವನ ಗುಣಮಟ್ಟ

ಒಂದು ಕುಟುಂಬ ನೆಲೆ ನಿಲ್ಲಲು ಯಾವ ಊರು ಎಷ್ಟು ಅನುಕೂಲ ಎಂಬುದನ್ನು ಮನೆ ಬಾಡಿಗೆ, ನೀರು, ಶಾಲೆ, ಆಸ್ಪತ್ರೆ, ಓಡಾಟ, ಗಾಳಿ, ಉದ್ಯೋಗ ಇವುಗಳ ಆಧಾರದ ಮೇಲೆ ತೂಗಿ ನೋಡುವ ಕ್ರಮವೇ ನಗರಗಳ ಹೋಲಿಕೆ. ಕರ್ನಾಟಕದಲ್ಲಿ ಈ ಹೋಲಿಕೆಗೆ ವಿಶೇಷವಾದ ಒಂದು ಹಿನ್ನೆಲೆಯಿದೆ. 2011ರ ಜನಗಣತಿಯ ಪ್ರಕಾರ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನರಿದ್ದರು. ಎರಡನೆಯ ಸ್ಥಾನದಲ್ಲಿದ್ದ ಹುಬ್ಬಳ್ಳಿ–ಧಾರವಾಡದಲ್ಲಿ ಇದ್ದವರು 9.4 ಲಕ್ಷ. ಮೊದಲನೆಯ ಮತ್ತು ಎರಡನೆಯ ಊರಿನ ನಡುವೆ ಒಂಬತ್ತು ಪಟ್ಟು ಅಂತರ. ಸಂಬಳ, ದೊಡ್ಡ ಆಸ್ಪತ್ರೆ, ಉನ್ನತ ಶಿಕ್ಷಣ, ಜೊತೆಗೆ ಇಕ್ಕಟ್ಟು ಮತ್ತು ದುಬಾರಿತನ ಎಲ್ಲವೂ ಒಂದೇ ಊರಿನಲ್ಲಿ ಒಟ್ಟುಗೂಡಿರುವುದರಿಂದ, ಇಲ್ಲಿನ ಬಹುತೇಕ ಕುಟುಂಬಗಳ ಮುಂದಿರುವ ಪ್ರಶ್ನೆ ಒಂದೇ ರೂಪದ್ದು: ಬೆಂಗಳೂರಿನಲ್ಲಿ ಇರುವುದೇ, ಬಿಡುವುದೇ, ಬಿಟ್ಟರೆ ಎಲ್ಲಿಗೆ?

ಪ್ರಕಟಿತ ಸೂಚ್ಯಂಕಗಳು ಇಡೀ ನಗರದ ಸರಾಸರಿಯನ್ನು ಹೇಳುತ್ತವೆ. ಕುಟುಂಬ ಬದುಕುವುದು ಮಾತ್ರ ಒಂದು ಬಡಾವಣೆಯಲ್ಲಿ, ಮನೆ–ಶಾಲೆ–ಕಚೇರಿಗಳ ನಡುವಿನ ದೂರದಲ್ಲಿ, ನಲ್ಲಿಯಲ್ಲಿ ನೀರು ಬರುವ ವೇಳೆಗೆ ಹೊಂದಿಕೊಂಡು. ಆದ್ದರಿಂದ ಬಾಡಿಗೆ, ದೂರ, ನೀರು ಈ ಮೂರನ್ನು ಒಟ್ಟಿಗೆ ಲೆಕ್ಕ ಹಾಕದ ಯಾವ ಹೋಲಿಕೆಯೂ ಕುಟುಂಬಕ್ಕೆ ಪ್ರಯೋಜನಕ್ಕೆ ಬರುವುದಿಲ್ಲ ಎಂಬ ದೃಷ್ಟಿಯಿಂದ ಈ ಲೇಖನ ವಿಷಯವನ್ನು ಪರಿಶೀಲಿಸುತ್ತದೆ.

ಅಳತೆಗೋಲುಗಳು

ನಗರಗಳನ್ನು ಹೋಲಿಸುವ ಪದ್ಧತಿ ಬಹುಮಟ್ಟಿಗೆ ಬಹುರಾಷ್ಟ್ರೀಯ ಕಂಪನಿಗಳ ಅಗತ್ಯದಿಂದ ಬೆಳೆದುಬಂತು. ಮರ್ಸರ್ ಸಂಸ್ಥೆಯ ಜೀವನವೆಚ್ಚ ಸಮೀಕ್ಷೆ ನ್ಯೂಯಾರ್ಕ್ ನಗರವನ್ನು ಆಧಾರವಾಗಿ ಇಟ್ಟುಕೊಂಡು 200ಕ್ಕೂ ಹೆಚ್ಚು ವಸ್ತು ಮತ್ತು ಸೇವೆಗಳ ಬೆಲೆ ಹೋಲಿಸುತ್ತದೆ. ಹೊರದೇಶಕ್ಕೆ ಕಳುಹಿಸಿದ ನೌಕರನಿಗೆ ಎಷ್ಟು ಭತ್ಯೆ ಕೊಡಬೇಕು ಎಂದು ತೀರ್ಮಾನಿಸುವುದು ಅದರ ಉದ್ದೇಶ. ದಾವಣಗೆರೆಯಿಂದ ಬೆಂಗಳೂರಿಗೆ ವರ್ಗವಾದ ಶಿಕ್ಷಕಿಯ ಮನೆ ಖರ್ಚಿಗೆ ಅದರಿಂದ ಏನೂ ತಿಳಿಯದು. ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಸಿದ್ಧಪಡಿಸುವ ವಾಸಯೋಗ್ಯತಾ ಸೂಚ್ಯಂಕದಲ್ಲಿ 173 ನಗರಗಳಿವೆ. ಅದರಲ್ಲಿ ಸ್ಥಿರತೆಗೆ ಶೇ 25, ಸಂಸ್ಕೃತಿ ಮತ್ತು ಪರಿಸರಕ್ಕೆ ಶೇ 25, ಆರೋಗ್ಯಕ್ಕೆ ಶೇ 20, ಮೂಲಸೌಕರ್ಯಕ್ಕೆ ಶೇ 20, ಶಿಕ್ಷಣಕ್ಕೆ ಶೇ 10ರಷ್ಟು ತೂಕ ಕೊಡಲಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಶಿಕ್ಷಣಕ್ಕೆ ಹತ್ತನೇ ಒಂದು ಭಾಗದಷ್ಟೇ ಬೆಲೆ ಕೊಡುವ ತಂದೆ ತಾಯಿ ಸಿಗುವುದು ಕಷ್ಟ. ಜೀವನವೆಚ್ಚವಂತೂ ಈ ಲೆಕ್ಕದೊಳಗೇ ಬರುವುದಿಲ್ಲ. 2009ರಲ್ಲಿ ಆರಂಭವಾದ ನಂಬಿಯೋ ಬಳಕೆದಾರರೇ ತುಂಬುವ ಬೆಲೆಗಳನ್ನು ಆಧರಿಸಿದೆ. ಹೆಚ್ಚು ಜನ ಬೆಲೆ ದಾಖಲಿಸುವ ದೊಡ್ಡ ನಗರಗಳಿಗೆ ಅದು ಒಂದು ಅಂದಾಜು ಕೊಡಬಲ್ಲದು. ಸಣ್ಣ ಊರುಗಳ ವಿಷಯದಲ್ಲಿ ಕೆಲವೇ ಜನರ ಉತ್ತರ ಇಡೀ ಊರಿನ ಬೆಲೆಯಾಗಿಬಿಡುವ ಅಪಾಯವಿದೆ.

ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಪ್ರಕಟಿಸಿದ ‘ಸುಲಲಿತ ಜೀವನ ಸೂಚ್ಯಂಕ’ ನಮ್ಮ ಊರುಗಳಿಗೆ ಹೆಚ್ಚು ಹತ್ತಿರದ್ದು. ಅದರ ಇತಿಹಾಸವೇ ಒಂದು ಪಾಠ. 2018ರ ಆವೃತ್ತಿಯಲ್ಲಿ 111 ನಗರಗಳ ಪೈಕಿ ಪುಣೆ ಮೊದಲನೆಯದು, ಬೆಂಗಳೂರು 58ನೆಯದು. 2021ರ ಮಾರ್ಚ್‌ನಲ್ಲಿ ಹೊರಬಂದ 2020ರ ಆವೃತ್ತಿಯಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರು 66.70 ಅಂಕದೊಂದಿಗೆ ದೇಶಕ್ಕೇ ಪ್ರಥಮ. ಎರಡೂವರೆ ವರ್ಷದಲ್ಲಿ ಊರು ಅಷ್ಟೊಂದು ಬದಲಾಗಿರಲಿಲ್ಲ. ಬದಲಾದದ್ದು ಅಳೆಯುವ ವಿಧಾನ. ಹೊಸ ಆವೃತ್ತಿಯಲ್ಲಿ ಜೀವನ ಗುಣಮಟ್ಟಕ್ಕೆ ಶೇ 35, ನಾಗರಿಕರ ಅಭಿಪ್ರಾಯಕ್ಕೆ ಶೇ 30, ಸುಸ್ಥಿರತೆಗೆ ಶೇ 20, ಆರ್ಥಿಕ ಸಾಮರ್ಥ್ಯಕ್ಕೆ ಶೇ 15 ತೂಕ ಇತ್ತು. ಆರ್ಥಿಕ ಸಾಮರ್ಥ್ಯದಲ್ಲಿ ಬೆಂಗಳೂರಿಗೆ 78.82 ಅಂಕ ಬಂದರೆ, ಎರಡನೆಯ ಸ್ಥಾನದ ದೆಹಲಿಗೆ ಬಂದದ್ದು 50.73 ಮಾತ್ರ. ಈ ಒಂದು ಕಂಬದ ಎತ್ತರವೇ ಊರನ್ನು ಮೇಲಕ್ಕೆ ಎತ್ತಿತು. ಜೀವನ ಗುಣಮಟ್ಟದ ವಿಭಾಗದಲ್ಲಿ ಮೊದಲ ಸ್ಥಾನ ಚೆನ್ನೈಗೆ ಹೋಗಿತ್ತು. ಹಾಗಾಗಿ, ಬೆಂಗಳೂರಿನ ಪ್ರಥಮ ಸ್ಥಾನವನ್ನು ‘ಅಲ್ಲಿ ದುಡಿಮೆಗೆ ಅವಕಾಶ ಹೆಚ್ಚು’ ಎಂದು ಓದಿಕೊಳ್ಳಬೇಕೇ ಹೊರತು ‘ಅಲ್ಲಿ ಬದುಕು ಸಲೀಸು’ ಎಂದಲ್ಲ.

ಅದೇ ಆವೃತ್ತಿಯಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಪೈಕಿ ದಾವಣಗೆರೆ 9ನೆಯ ಸ್ಥಾನ ಪಡೆಯಿತು. ನಾಗರಿಕರ ಅಭಿಪ್ರಾಯ ಸಮೀಕ್ಷೆಯಲ್ಲಿ ದೇಶದ ಅತ್ಯಂತ ಮೇಲಿನ ಅಂಕಗಳನ್ನು ಪಡೆದ ಊರುಗಳ ಸಾಲಿನಲ್ಲೂ ಅದಿತ್ತು. ಊರಿನ ಜನ ತಮ್ಮ ಊರನ್ನು ಮೆಚ್ಚಿ ಮಾತಾಡಿದ್ದು ಲೆಕ್ಕಕ್ಕೆ ಬಂದದ್ದು ಸರಿಯೇ. ಆದರೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿಯ ಮಾನದಂಡ ಮುಟ್ಟದ ಊರುಗಳೆಂದು ಗುರುತಿಸಲಾದ ಕರ್ನಾಟಕದ ನಾಲ್ಕು ನಗರಗಳಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿಗಳ ಜೊತೆ ದಾವಣಗೆರೆಯೂ ಇದೆ. ಒಂದೇ ಊರು ಒಂದು ಪಟ್ಟಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಉಬ್ಬಸದ ಮಗುವಿರುವ ಮನೆಯವರು ನೋಡಬೇಕಾದದ್ದು ಎರಡನೆಯ ಪಟ್ಟಿಯನ್ನು.

ಗ್ರಾಹಕ ಬೆಲೆ ಸೂಚ್ಯಂಕದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಕೇಂದ್ರ ಕಾರ್ಮಿಕ ಬ್ಯೂರೊ 2016 ಅನ್ನು ಆಧಾರ ವರ್ಷವಾಗಿಟ್ಟುಕೊಂಡು ದೇಶದ 88 ಕೇಂದ್ರಗಳಲ್ಲಿ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಲೆಕ್ಕ ಹಾಕುತ್ತದೆ. ಒಂದು ಕೇಂದ್ರದ ಅಂಕ ಇನ್ನೊಂದರದಕ್ಕಿಂತ ಹೆಚ್ಚಿದ್ದರೆ ಅಲ್ಲಿ ಬೆಲೆ ಹೆಚ್ಚು ಎಂದು ತಿಳಿಯುವವರಿದ್ದಾರೆ. ಆ ಅಂಕ ಹೇಳುವುದು ಅದೇ ಊರಿನಲ್ಲಿ 2016ರಿಂದ ಈಚೆಗೆ ಬೆಲೆ ಎಷ್ಟು ಏರಿತು ಎಂಬುದನ್ನು ಮಾತ್ರ.

ಖರ್ಚು ಎಲ್ಲಿ ಬೇರೆಯಾಗುತ್ತದೆ

ಸಂಸಾರದ ಖರ್ಚಿನ ದೊಡ್ಡ ಪಾಲು ಊರಿನಿಂದ ಊರಿಗೆ ಅಷ್ಟೇನೂ ಬದಲಾಗುವುದಿಲ್ಲ. 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ದೇಶದ ನಗರವಾಸಿಯ ತಲಾ ಮಾಸಿಕ ವೆಚ್ಚ ₹6,996 ಎಂದು ದಾಖಲಾಯಿತು. ಅದರಲ್ಲಿ ಆಹಾರದ ಪಾಲು ಶೇ 40ರ ಆಸುಪಾಸು. ನಂದಿನಿ ಹಾಲು, ಅಡುಗೆ ಅನಿಲ, ಔಷಧಿ, ಮೊಬೈಲ್ ರೀಚಾರ್ಜ್ ಬೆಂಗಳೂರಿನಲ್ಲೂ ಶಿವಮೊಗ್ಗದಲ್ಲೂ ಹೆಚ್ಚುಕಡಿಮೆ ಒಂದೇ ದರದವು. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗಿನ ವಿದ್ಯುತ್ ವೆಚ್ಚವನ್ನು ಎಲ್ಲ ಊರುಗಳಲ್ಲೂ ಹಗುರ ಮಾಡಿದೆ. ಊರು ಬದಲಾದಾಗ ನಿಜವಾಗಿ ಬದಲಾಗುವ ಬಾಬತ್ತುಗಳು ಮನೆ, ಶಾಲೆಯ ಶುಲ್ಕ, ಓಡಾಟ, ನೀರು ಮತ್ತು ಮನೆಗೆಲಸದವರ ಸಂಬಳ.

ಮನೆಯ ವ್ಯತ್ಯಾಸವನ್ನು ಸರ್ಕಾರ ಹೇಗೆ ಅಳೆಯುತ್ತದೆ ಎಂಬುದಕ್ಕೆ ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆ ಒಳ್ಳೆಯ ಸಾಕ್ಷಿ. ಐವತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳು ಎಕ್ಸ್ ವರ್ಗ, ಐದರಿಂದ ಐವತ್ತು ಲಕ್ಷದವು ವೈ ವರ್ಗ, ಉಳಿದವು ಜೆಡ್ ವರ್ಗ. ಕರ್ನಾಟಕದಲ್ಲಿ ಎಕ್ಸ್ ವರ್ಗದ್ದು ಬೆಂಗಳೂರೊಂದೇ. ಮೈಸೂರು, ಹುಬ್ಬಳ್ಳಿ–ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ವೈ ವರ್ಗದವು. ದಾವಣಗೆರೆ, ಶಿವಮೊಗ್ಗ ಜೆಡ್‌ನಲ್ಲಿವೆ. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ ಈ ಭತ್ಯೆ ಮೂಲವೇತನದ ಶೇ 30, 20, 10 ಆಯಿತು. ಅಂದರೆ ₹50,000 ಮೂಲವೇತನದವರಿಗೆ ಬೆಂಗಳೂರಿನಲ್ಲಿ ₹15,000, ಮೈಸೂರಿನಲ್ಲಿ ₹10,000, ದಾವಣಗೆರೆಯಲ್ಲಿ ₹5,000. ಜನಸಂಖ್ಯೆಯೊಂದನ್ನೇ ನೋಡುವ ಈ ಲೆಕ್ಕಕ್ಕೆ ಬೆಂಗಳೂರಿನ ವಿಜಯನಗರದ ಬಾಡಿಗೆಯೂ ಇಂದಿರಾನಗರದ ಬಾಡಿಗೆಯೂ ಒಂದೇ.

ಬಾಡಿಗೆಯ ಜೊತೆ ಮುಂಗಡವೂ ಸೇರುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಬಹುಕಾಲದ ರೂಢಿ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿತು. ಆದರೆ ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಭೋಗ್ಯದ ಪದ್ಧತಿಯೂ ಇದೆ. ಕೆಲವು ಲಕ್ಷಗಳನ್ನು ಮನೆ ಮಾಲೀಕರಿಗೆ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ಹಿಂತಿರುಗಿ ಪಡೆಯುವ ವ್ಯವಸ್ಥೆ ಇದು. ಕೈಯಲ್ಲಿ ಗಂಟಿರುವವರಿಗೆ ಇದು ತಿಂಗಳ ಹೊರೆಯನ್ನು ಇಳಿಸುತ್ತದೆ. ಕರಾರು ಸರಿಯಾಗಿ ನೋಂದಣಿಯಾಗದಿದ್ದರೆ, ಅಥವಾ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದರೆ, ಆ ಗಂಟೇ ಅಪಾಯಕ್ಕೆ ಸಿಲುಕುತ್ತದೆ. ಯಾವ ಜೀವನವೆಚ್ಚ ಸೂಚ್ಯಂಕವೂ ಭೋಗ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಅಗ್ಗದ ಊರಿನ ಲೆಕ್ಕದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಬಾಬತ್ತು ಎರಡನೆಯ ಸಂಬಳ. ಗಂಡನಿಗೆ ಬೆಂಗಳೂರಿನಿಂದ ಸಣ್ಣ ಊರಿಗೆ ವರ್ಗವಾದಾಗ ಬಾಡಿಗೆ ಅರ್ಧಕ್ಕೆ ಇಳಿಯಬಹುದು. ಅದೇ ಊರಿನಲ್ಲಿ ಹೆಂಡತಿಯ ವಿದ್ಯೆಗೆ ತಕ್ಕ ಕೆಲಸ ಸಿಗದೆ ಹೋದರೆ ಉಳಿತಾಯಕ್ಕಿಂತ ನಷ್ಟವೇ ದೊಡ್ಡದು. ಹಣದ ನಷ್ಟ ಲೆಕ್ಕಕ್ಕೆ ಸಿಗುತ್ತದೆ. ಆ ಹೆಣ್ಣುಮಗಳ ವೃತ್ತಿಜೀವನಕ್ಕೆ ಆದ ನಷ್ಟವನ್ನು ಮನೆಯವರು ಲೆಕ್ಕದ ಹೊರಗೇ ಇಡುವುದು ವಾಡಿಕೆ, ಮತ್ತು ಆ ವಾಡಿಕೆ ಅನ್ಯಾಯದ್ದು.

ನೀರು

ಕರ್ನಾಟಕದ ನಗರಗಳನ್ನು ಬೇರ್ಪಡಿಸಿ ತೋರಿಸುವ ಅತ್ಯಂತ ಸ್ಪಷ್ಟ ಗೆರೆ ನೀರಿನದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಮೂರು ಹಂತಗಳಲ್ಲಿ ಪಂಪು ಮಾಡಿ, ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆತ್ತಿ ತರಬೇಕು. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗೆಂದು ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಈ ಹದಿನೇಳು ವರ್ಷಗಳಲ್ಲಿ ಅಲ್ಲಿ ಸಾವಿರಾರು ಅಪಾರ್ಟ್‌ಮೆಂಟ್‌ಗಳು ಬೋರ್‌ವೆಲ್ ಮತ್ತು ಟ್ಯಾಂಕರ್‌ಗಳ ಮೇಲೆ ನಿಂತವು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಮೊದಲು ಕಂಗೆಟ್ಟವರು ಅಲ್ಲಿನ ನಿವಾಸಿಗಳೇ.

ಆ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿತು: ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ ₹1,000. ದೊಡ್ಡ ನಗರಗಳಿಗೆ ಸರ್ಕಾರಿ ಮಾನದಂಡ ಹೇಳುವ ತಲಾ 135 ಲೀಟರ್ ಲೆಕ್ಕದಲ್ಲಿ ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್ ಬೇಕು. ಟ್ಯಾಂಕರ್‌ನಲ್ಲಿ ಅದಕ್ಕೆ ₹1,350. ಜಲಮಂಡಳಿಯ ಕೊಳಾಯಿಯಲ್ಲಿ, 2014ರಿಂದ 2025ರ ಏಪ್ರಿಲ್‌ವರೆಗೆ ಇದ್ದ ದರದಂತೆ ಮೊದಲ 8,000 ಲೀಟರಿಗೆ ಸಾವಿರ ಲೀಟರಿಗೆ ₹7, ಆಮೇಲಿನದಕ್ಕೆ ₹11. ಅಂದರೆ ನಿಗದಿತ ಶುಲ್ಕ ಬಿಟ್ಟು ಸುಮಾರು ₹146. ಒಂದೇ ನಗರದ ಎರಡು ಬಡಾವಣೆಗಳ ನಡುವೆ ಒಂಬತ್ತು ಪಟ್ಟು ವ್ಯತ್ಯಾಸ. ಹೊರವಲಯದ ಅಗ್ಗದ ಮನೆಯ ಬಾಡಿಗೆಯಲ್ಲಿ ಉಳಿದ ಹಣ ಹೀಗೆ ಸಂಪಿಗೆ ಸುರಿದು ಹೋಗುತ್ತದೆ.

ಮೈಸೂರಿಗೆ ಕೃಷ್ಣರಾಜಸಾಗರ ಮತ್ತು ಕಬಿನಿ ಹತ್ತಿರದಲ್ಲೇ ಇವೆ. ಹಳೆಯ ಬಡಾವಣೆಗಳಲ್ಲಿ ನೀರಿನ ಚಿಂತೆ ಕಡಿಮೆ. ವರ್ತುಲ ರಸ್ತೆಯಾಚೆಯ ಖಾಸಗಿ ಬಡಾವಣೆಗಳ ಕತೆ ಬೇರೆ. ಅಲ್ಲಿ ನಿವೇಶನ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ನದಿ ನೀರಿನ ಸಂಪರ್ಕ ಇದೆಯೇ ಎಂದು. ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲೂ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನ ಮಟ್ಟ ಇಳಿದು, 2016 ಮತ್ತು 2019ರ ಬೇಸಿಗೆಗಳಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು.

ಹುಬ್ಬಳ್ಳಿ–ಧಾರವಾಡದ ಅನುಭವ ಎಲ್ಲಕ್ಕಿಂತ ಹೆಚ್ಚು ತಿಳಿವಳಿಕೆ ಕೊಡುವಂಥದು. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ತರುವ ಈ ಅವಳಿ ನಗರದಲ್ಲಿ ಅನೇಕ ಬಡಾವಣೆಗಳಿಗೆ ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ತಡವಾಗಿ ನಳ ಬರುತ್ತಿತ್ತು. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ಅವಳಿ ನಗರದಲ್ಲಿ ಸಂಶೋಧಕರು ನೀರನ್ನು ಪರೀಕ್ಷಿಸಿದಾಗ, ನಿರಂತರ ಪೂರೈಕೆಯ ವಾರ್ಡ್‌ಗಳ ನಳದಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಬಿಟ್ಟುಬಿಟ್ಟು ನೀರು ಬರುವ ವಾರ್ಡ್‌ಗಳಿಗಿಂತ ಬಹಳ ಕಡಿಮೆಯಿತ್ತು. ನಳ ಬರುವ ದಿನ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಉಳಿಯುವವರು ಬಹುಪಾಲು ಹೆಂಗಸರು. ನಿರಂತರ ನೀರು ಮೊದಲು ಉಳಿಸಿದ್ದು ಅವರ ದಿನವನ್ನು.

ದೂರ

ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಆರಂಭವಾದ ನಮ್ಮ ಮೆಟ್ರೊ 2023ರಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಚಾಚಿತು. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆಗೆ ಹೆಚ್ಚು ಬಾಡಿಗೆ ಕೊಡುವುದು ಅನೇಕ ಸಂಸಾರಗಳಿಗೆ ಲಾಭದ ವ್ಯವಹಾರ. ತಂದೆ ತಾಯಿ ಇಬ್ಬರೂ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆದರೆ, ಮಗುವಿನ ಜೊತೆ ಊಟಕ್ಕೆ ಕೂರುವ ಹೊತ್ತನ್ನೇ ಊರಿಗೆ ಕಂದಾಯವಾಗಿ ಕಟ್ಟಿದಂತೆ. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ ₹60ರಿಂದ ₹90ಕ್ಕೆ ಏರಿದ್ದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಇದರ ಫಲ ಎಲ್ಲ ಊರಿಗೂ ಒಂದೇ ತೆರನಾಗಿ ಸಿಕ್ಕಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ನಗರ ಸಾರಿಗೆ ಸರ್ಕಾರಿ ನಿಗಮಗಳದ್ದು. ಮಂಗಳೂರಿನಲ್ಲಿ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವು. ಕಾಲೇಜಿಗೆ ಹೋಗುವ ಮಗಳು, ಆಸ್ಪತ್ರೆಯಲ್ಲಿ ದುಡಿಯುವ ತಾಯಿ ಅಲ್ಲಿ ಟಿಕೆಟ್ ಕೊಟ್ಟೇ ಓಡಾಡಬೇಕು.

ಊರುಗಳು

ಬೆಂಗಳೂರನ್ನು ಒಂದೇ ಊರೆಂದು ಹೋಲಿಸುವುದರಲ್ಲಿ ಅರ್ಥ ಉಳಿದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿ ಅದು ಆಡಳಿತದಲ್ಲೂ ಹಂಚಿಹೋಯಿತು. ಬಸವನಗುಡಿ, ಮಲ್ಲೇಶ್ವರ, ಜಯನಗರಗಳಲ್ಲಿ ಶಾಲೆ, ಮಾರುಕಟ್ಟೆ, ಉದ್ಯಾನ, ಗ್ರಂಥಾಲಯ ಎಲ್ಲವೂ ನಡೆದು ಹೋಗುವ ದೂರದಲ್ಲಿವೆ. ಪೂರ್ವದ ಐಟಿ ಪಟ್ಟಿಯಲ್ಲಿ ಸಂಬಳ ಹೆಚ್ಚು, ಉಳಿದೆಲ್ಲ ದೂರ. ನಿಮ್ಹಾನ್ಸ್, ಕಿದ್ವಾಯಿ, ಜಯದೇವ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವು ಸಾಮಾನ್ಯರ ಕೈಗೆಟುಕುವ ವೆಚ್ಚದಲ್ಲಿ ದೊಡ್ಡ ಕಾಯಿಲೆಗೆ ಚಿಕಿತ್ಸೆ ಕೊಡುವ ಸಂಸ್ಥೆಗಳು. ದೀರ್ಘ ಕಾಯಿಲೆಯ ಸದಸ್ಯರಿರುವ ಕುಟುಂಬ ಬೆಂಗಳೂರು ಬಿಡಲು ಹಿಂಜರಿಯುವುದಕ್ಕೆ ಇವು ಸಾಕಾದಷ್ಟು ಕಾರಣ.

ಮೈಸೂರು ಯೋಜಿತವಾಗಿ ಬೆಳೆದ ಊರು. ಇಲ್ಲಿ 1903ರಲ್ಲಿಯೇ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಸ್ವಚ್ಛ ನಗರಗಳ ರಾಷ್ಟ್ರೀಯ ಶ್ರೇಯಾಂಕದಲ್ಲಿ 2015 ಮತ್ತು 2016ರಲ್ಲಿ ಮೊದಲ ಸ್ಥಾನ ಅದಕ್ಕೇ ಸಂದಿತು. 1916ರ ವಿಶ್ವವಿದ್ಯಾನಿಲಯ, 1924ರ ವೈದ್ಯಕೀಯ ಕಾಲೇಜು, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿವೆ. ಕಿವಿ ಕೇಳಿಸದ ಅಥವಾ ಮಾತು ತಡವಾದ ಮಗುವಿರುವ ತಂದೆ ತಾಯಿ ಈ ಸಂಸ್ಥೆಗಾಗಿಯೇ ಮೈಸೂರಿಗೆ ಬಂದು ಮನೆ ಮಾಡುವುದುಂಟು. ಮೈಸೂರಿನ ಕೊರತೆ ಉದ್ಯೋಗ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಸಂಸಾರ ಮೈಸೂರಿನಲ್ಲಿ, ದುಡಿಮೆ ಬೆಂಗಳೂರಿನಲ್ಲಿ ಎಂಬ ಏರ್ಪಾಡನ್ನು ಸುಲಭ ಮಾಡಿದೆ. ವಾರಕ್ಕೊಮ್ಮೆ ಬರುವ ತಂದೆಗೆ ಅದು ಸರಿಹೊಂದೀತು. ದಿನವೂ ಹೋಗಿಬರುವವರಿಗೆ ಸುಂಕವೂ ದಣಿವೂ ಕೂಡಿ ಬಾಡಿಗೆಯ ಉಳಿತಾಯವನ್ನು ತಿಂದುಹಾಕುತ್ತವೆ.

ಆಸ್ಪತ್ರೆ ಮತ್ತು ಕಾಲೇಜುಗಳ ಸಾಂದ್ರತೆಯಲ್ಲಿ ಮಂಗಳೂರಿಗೆ ಸಮನಾದ ಮಧ್ಯಮ ಗಾತ್ರದ ಊರು ರಾಜ್ಯದಲ್ಲಿ ಇನ್ನೊಂದಿಲ್ಲ ಎಂದರೆ ತಪ್ಪಾಗದು. ಸೇಂಟ್ ಅಲೋಶಿಯಸ್ ಕಾಲೇಜು, ಫಾದರ್ ಮುಲ್ಲರ್ ಆಸ್ಪತ್ರೆ ಎರಡೂ 1880ರವು. ಅನಂತರ ಬಂದದ್ದು ಕಸ್ತೂರಬಾ ವೈದ್ಯಕೀಯ ಕಾಲೇಜು. ಸೆಖೆ ಮತ್ತು ತೇವಾಂಶ ಒಗ್ಗದವರಿಗೆ ಮಾತ್ರ ಇಲ್ಲಿ ಕಷ್ಟ. 2020ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಬ್ಯಾಂಕ್ ವಿಲೀನವಾದಾಗ, ಅದರ ಕೇಂದ್ರ ಕಚೇರಿ ಕೊಡುತ್ತಿದ್ದ ಭದ್ರ ಮಧ್ಯಮವರ್ಗದ ಉದ್ಯೋಗಗಳ ಒಂದು ನೆಲೆಯನ್ನು ಊರು ಕಳೆದುಕೊಂಡಿತು.

ಹುಬ್ಬಳ್ಳಿ ವ್ಯಾಪಾರದ್ದು, ಧಾರವಾಡ ವಿದ್ಯೆಯದು; 1962ರಿಂದ ಪಾಲಿಕೆ ಒಂದೇ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2008ರಿಂದ ಹೈಕೋರ್ಟ್ ಪೀಠ, 2016ರಿಂದ ಐಐಟಿ ಇವೆಲ್ಲ ಧಾರವಾಡಕ್ಕೆ ಸೇರಿವೆ. ಮಗಳು ಧಾರವಾಡದಲ್ಲಿ ಓದಿ, ತಂದೆ ಹುಬ್ಬಳ್ಳಿಯಲ್ಲಿ ಅಂಗಡಿ ನಡೆಸುವ ಮನೆಗಳಿಗೆ, 22 ಕಿಲೋಮೀಟರಿನ ಪ್ರತ್ಯೇಕ ಪಥದಲ್ಲಿ 2018ರ ಅಕ್ಟೋಬರ್‌ನಿಂದ ಓಡುತ್ತಿರುವ ‘ಚಿಗರಿ’ ಬಸ್ಸು ಎರಡೂ ಊರನ್ನು ಒಂದು ಮಾಡಿದೆ. ಬೆಳಗಾವಿಯ ಹವೆ ಹಿತ. 1916ರ ಕೆ.ಎಲ್.ಇ. ಸಂಸ್ಥೆ ಶಾಲೆಯಿಂದ ಆಸ್ಪತ್ರೆಯವರೆಗೆ ಎಲ್ಲವನ್ನೂ ಕಟ್ಟಿಕೊಟ್ಟಿದೆ. ಶಿವಮೊಗ್ಗಕ್ಕೆ ತುಂಗೆಯ ನೀರು, ಸುತ್ತ ಹಸಿರು, 2023ರ ಫೆಬ್ರವರಿಯಿಂದ ವಿಮಾನ ನಿಲ್ದಾಣ.

ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಈ ಊರನ್ನು ಪಟ್ಟಿಯ ಕೊನೆಗೆ ತಳ್ಳುವವರು ಸಂವಿಧಾನದ 371ಜೆ ವಿಧಿಯನ್ನು ಮರೆತಿರುತ್ತಾರೆ. 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ, ಸ್ಥಳೀಯರೆಂಬ ಪ್ರಮಾಣಪತ್ರ ಇರುವ ಕುಟುಂಬದ ಮಕ್ಕಳಿಗೆ ಕಲಬುರಗಿಯೂ ಸೇರಿದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಮೀಸಲು. ಮಗನನ್ನೋ ಮಗಳನ್ನೋ ವೈದ್ಯಕೀಯ ಓದಿಸಲು ಹೊರಟ ಮನೆಗೆ ಇದರ ಬೆಲೆ ಹಲವು ವರ್ಷಗಳ ಬಾಡಿಗೆ ಉಳಿತಾಯಕ್ಕಿಂತ ದೊಡ್ಡದು.

ಕುಟುಂಬದ ಘಟ್ಟ ಮತ್ತು ಅಂಕಿ ಅಂಶದ ಸ್ಥಿತಿ

ಹೊಸದಾಗಿ ಮದುವೆಯಾಗಿ ಇಬ್ಬರೂ ದುಡಿಯುವವರಿಗೆ ಬೆಂಗಳೂರು ದುಬಾರಿಯಾದರೂ ಲೆಕ್ಕ ಸರಿಹೋಗುತ್ತದೆ. ಆರರಿಂದ ಹದಿನೈದು ವರ್ಷದ ಮಕ್ಕಳಿರುವಾಗ ಶಾಲೆ ಹತ್ತಿರವಿರುವ, ಮಗು ಸೈಕಲ್ಲಿನಲ್ಲಿ ತಾನೇ ಹೋಗಿಬರಬಲ್ಲ ಊರು ಮುಖ್ಯವಾಗುತ್ತದೆ. ಮೈಸೂರು, ಧಾರವಾಡ, ಶಿವಮೊಗ್ಗ ಇಲ್ಲಿ ಮುಂದೆ. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಹೃದಯ ಚಿಕಿತ್ಸೆಯ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂಬ ಒಂದೇ ಪ್ರಶ್ನೆ ಉಳಿದವನ್ನೆಲ್ಲ ಬದಿಗೆ ಸರಿಸುತ್ತದೆ.

ಇಂಥ ತೀರ್ಮಾನಕ್ಕೆ ಬೇಕಾದ ವಾರ್ಡ್ ಮಟ್ಟದ ಮಾಹಿತಿ ಕೊಡುವ ಪ್ರಮುಖ ಮೂಲ ಜನಗಣತಿಯ ಮನೆಪಟ್ಟಿ. ನೀರು ಎಲ್ಲಿಂದ ಬರುತ್ತದೆ, ಮನೆಯ ಆವರಣದೊಳಗೇ ಸಿಗುತ್ತದೆಯೇ, ಶೌಚಾಲಯ ಇದೆಯೇ, ಎಷ್ಟು ಕೋಣೆಗಳಲ್ಲಿ ಎಷ್ಟು ಜನ ಇದ್ದಾರೆ ಎಂಬುದನ್ನು ಅದು ಮನೆ ಮನೆಯಲ್ಲೂ ಕೇಳುತ್ತದೆ. 2021ರ ಗಣತಿ ನಡೆಯದೆ ಹೋದದ್ದರಿಂದ ಮೇಲಿನ ಎಲ್ಲ ಜನಸಂಖ್ಯೆಯೂ, ನಗರಗಳ ಎಕ್ಸ್–ವೈ–ಜೆಡ್ ವರ್ಗೀಕರಣವೂ 2011ರ ಎಣಿಕೆಯ ಮೇಲೆಯೇ ನಿಂತಿವೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದೆ.